ಬಿಟ್ಟ ಊಟದ ಲೆಕ್ಕ

2026ರ ಫೆಬ್ರವರಿಯಲ್ಲಿ ಒಂದೇ ವಾರದೊಳಗೆ ನಮ್ಮ ಊರುಗಳಿಗೆ ಮೂರು ಬಗೆಯ ಉಪವಾಸ ಬಂತು. 15ರ ಭಾನುವಾರ ಶಿವರಾತ್ರಿ, 18ರಂದು ಕ್ರೈಸ್ತರ ಬೂದಿ ಬುಧವಾರ, ಅದರ ಬೆನ್ನಿಗೇ ರಂಜಾನ್. ಶಿವರಾತ್ರಿಯ ದಿನ ಏನು ತಿನ್ನಬೇಕು, ಏನು ಬಿಡಬೇಕು ಎಂದು ಯಾವ ಮನೆಯ ಅಜ್ಜಿಯನ್ನು ಕೇಳಿದರೂ ಉತ್ತರ ಸಿಗುತ್ತದೆ. ಸಹರಿ, ಇಫ್ತಾರ್‌ಗಳ ಹೊತ್ತು ನಿಮಿಷದ ಲೆಕ್ಕದಲ್ಲಿ ಪತ್ರಿಕೆಯಲ್ಲೇ ಅಚ್ಚಾಗಿರುತ್ತದೆ. ಕ್ರೈಸ್ತರ ಉಪವಾಸ ಹೇಗೆ ಎಂದರೆ ಮಾತ್ರ, ಯಾರನ್ನು ಕೇಳಿದಿರಿ ಎನ್ನುವುದರ ಮೇಲೆ ಉತ್ತರ ನಿಂತಿದೆ. ಮಂಗಳೂರಿನ ಕಥೋಲಿಕರು ಒಂದು ಹೊತ್ತು ಪೂರ್ತಿ ಊಟ, ಮಾಂಸ ಇಲ್ಲ ಎನ್ನುತ್ತಾರೆ. ಬ್ರಹ್ಮಾವರದ ಆರ್ಥೊಡಾಕ್ಸ್ ಸಿರಿಯನ್ ಚರ್ಚಿನ ನಿಯಮದಂತೆ ನಡೆದರೆ ಸೋಮವಾರವೇ ಶುರುವಾದ ಐವತ್ತು ದಿನದ ನೋಂಪಿಯಲ್ಲಿ ಮಾಂಸ, ಮೊಟ್ಟೆ, ಹಾಲು ಒಂದೂ ಇಲ್ಲ. ಬೆಂಗಳೂರಿನ ಪೆಂತೆಕೋಸ್ತ್ ಸಭೆಯ ವಿಶ್ವಾಸಿಗೆ ಬೂದಿ ಬುಧವಾರದ ಗೊಡವೆಯೇ ಇಲ್ಲ. ಅವರದು ಸಭೆ ಗೊತ್ತುಮಾಡಿದ ದಿನದ ಉಪವಾಸ ಪ್ರಾರ್ಥನೆ, ಮುಗಿಯುವವರೆಗೆ ಬರೀ ನೀರು. ಸಿ.ಎಸ್.ಐ. ಎಂಬ ಪ್ರೊಟೆಸ್ಟೆಂಟ್ ಚರ್ಚಿನವರು ಅದು ಅವರವರ ಮನಸ್ಸಿಗೆ ಬಿಟ್ಟದ್ದು ಎಂದು ಮಾತು ಮುಗಿಸಲೂಬಹುದು.

ನಾಲ್ವರ ಕೈಯಲ್ಲೂ ಇರುವುದು ಒಂದೇ ಬೈಬಲ್. ಹಾಗಿದ್ದೂ ಇಷ್ಟು ಬೇರೆ ಬೇರೆ ದಾರಿ ಯಾಕೆ, ಇವುಗಳಲ್ಲಿ ಇವತ್ತಿನ ಒಬ್ಬ ಗೃಹಸ್ಥನಿಗೆ, ಗೃಹಿಣಿಗೆ, ದುಡಿಯುವವರಿಗೆ ಯಾವುದು ಕೈಗೂಡುವಂಥದ್ದು ಎಂದು ನೋಡುವುದು ಈ ಬರಹದ ಕೆಲಸ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಎರಡು ಸಾವಿರ ವರ್ಷಗಳ ಅನುಭವದಲ್ಲಿ ಚರ್ಚಿಗೆ ತೊಂದರೆ ತಂದದ್ದು ಸಣ್ಣ ಉಪವಾಸವಲ್ಲ, ದೊಡ್ಡ ಉಪವಾಸ. ಎಲ್ಲರೂ ಒಟ್ಟಾಗಿ ಹಿಡಿಯುವ, ಮಿತಿ ಗೊತ್ತಿರುವ, ಉಳಿದ ಊಟ ಎಲ್ಲಿಗೆ ಹೋಯಿತು ಎಂಬ ಲೆಕ್ಕ ಇರುವ ಸಾಧಾರಣ ಉಪವಾಸವೇ ಹಳೆಯದು, ಕ್ಷೇಮದ್ದು. ನೋಡಿದವರು ಬೆರಗಾಗುವಂಥ ಉಪವಾಸ ಕಂಡರೆ ಸ್ವಲ್ಪ ಅನುಮಾನ ಪಡುವುದೇ ಒಳ್ಳೆಯದು.

ಬೈಬಲಿನಲ್ಲಿ ಉಪವಾಸದ ಪ್ರಸಂಗಗಳು ಹೇರಳ, ನಿಯಮಗಳು ಬಹಳ ಕಡಿಮೆ. ಮೋಶೆಯ ಧರ್ಮಶಾಸ್ತ್ರ ವರ್ಷಕ್ಕೆ ಕಡ್ಡಾಯ ಮಾಡಿದ್ದು ಒಂದೇ ದಿನ, ದೋಷಪರಿಹಾರಕ ದಿನ. ಉಳಿದವೆಲ್ಲ ಯುದ್ಧ, ಸಾವು, ಆಪತ್ತು, ಪಶ್ಚಾತ್ತಾಪದ ಸಂದರ್ಭದವು. ಎಸ್ತೇರ್ ರಾಣಿ ತನ್ನ ಜನರ ತಲೆಯ ಮೇಲೆ ಕತ್ತಿ ತೂಗುತ್ತಿದ್ದಾಗ ಮೂರು ದಿನ ನೀರನ್ನೂ ಬಿಟ್ಟಳು. ದಾನಿಯೇಲ ಮೂರು ವಾರ ರುಚಿಯ ಊಟ, ಮಾಂಸ, ದ್ರಾಕ್ಷಾರಸ ಮಾತ್ರ ಬಿಟ್ಟ, ಹಸಿದು ಬಿದ್ದಿರಲಿಲ್ಲ. ನಿನೆವೆಯಲ್ಲಿ ರಾಜನಿಂದ ಹಿಡಿದು ದನಕರುಗಳವರೆಗೆ ಉಪವಾಸ. ಮೋಶೆ, ಎಲೀಯ, ಯೇಸು ಈ ಮೂವರ ನಲವತ್ತು ದಿನವನ್ನು ಚರ್ಚು ಅನುಕರಣೆಗೆ ಇಟ್ಟ ಮಾದರಿ ಎಂದು ಓದಲಿಲ್ಲ. ಅದರಿಂದ ಸಂಖ್ಯೆಯನ್ನಷ್ಟೇ ಪಡೆಯಿತು, ಊಟವನ್ನು ಉಳಿಸಿಕೊಂಡಿತು. ಯೇಸುವಾದರೂ ಉಪವಾಸದ ಬಗ್ಗೆ ನೇರವಾಗಿ ಕೊಟ್ಟ ಸಲಹೆ (ಮತ್ತಾಯ 6) ತಟ್ಟೆಯ ಬಗ್ಗೆ ಅಲ್ಲ, ಮುಖದ ಬಗ್ಗೆ: ಸೊರಗಿದ ಮೋರೆ ಹಾಕಿಕೊಂಡು ತಿರುಗಬೇಡಿ, ತಲೆಗೆ ಎಣ್ಣೆ ಹಚ್ಚಿ, ಮುಖ ತೊಳೆದು ಹೊರಡಿ. ಯೆಶಾಯನ 58ನೆಯ ಅಧ್ಯಾಯ ಇನ್ನೂ ಖಾರ. ಉಪವಾಸದ ದಿನವೇ ಆಳುಗಳನ್ನು ಹಿಂಡಿ ಕೆಲಸ ತೆಗೆಯುವವರನ್ನು, ಜಗಳಕ್ಕೆ ನಿಲ್ಲುವವರನ್ನು ಪ್ರವಾದಿ ತರಾಟೆಗೆ ತೆಗೆದುಕೊಳ್ಳುತ್ತಾನೆ. ಇದನ್ನು ಉಪಮೆಯಾಗಿ ಓದಬೇಕಿಲ್ಲ. ನಿಮ್ಮ ಉಪವಾಸದ ದಿನ ಮನೆಗೆಲಸದವರಿಗೆ ಹೆಚ್ಚು ಕೆಲಸ ಬಿತ್ತೋ ಕಡಿಮೆ ಬಿತ್ತೋ ಎಂಬ ಸರಳ ಪ್ರಶ್ನೆ ಅದು.

ಮೊದಲ ಕ್ರೈಸ್ತರು ವಾರದ ದಿನ ಗೊತ್ತುಮಾಡಿಕೊಂಡರು. ಅಪೊಸ್ತಲರ ಕಾಲಕ್ಕೆ ಹತ್ತಿರದ ‘ದಿದಾಖೆ’ ಎಂಬ ಕೈಪಿಡಿ ಬುಧವಾರ, ಶುಕ್ರವಾರ ಉಪವಾಸ ಮಾಡಿ ಎನ್ನುತ್ತದೆ. ಯೆಹೂದ್ಯರಲ್ಲಿ ಭಕ್ತಿವಂತರು ಸೋಮವಾರ, ಗುರುವಾರ ಮಾಡುತ್ತಿದ್ದುದರಿಂದ ಇವರಿಗೆ ಬೇರೆ ದಿನ ಬೇಕಿತ್ತು. ಪ್ರವಾದಿಗಳು ಹೇಳಿದ್ದನ್ನು ಅಡುಗೆಮನೆಯವರೆಗೆ ತಂದದ್ದು ಎರಡನೆಯ ಶತಮಾನದ ರೋಮಿನಲ್ಲಿ ಹುಟ್ಟಿದ ‘ಹೆರ್ಮಾಸನ ಕುರುಬ’ ಎಂಬ ಪುಸ್ತಕ. ಹೆರ್ಮಾಸ್ ಬೆಳಬೆಳಗ್ಗೆ ಬೆಟ್ಟದ ಮೇಲೆ ಉಪವಾಸ ಕೂತಿದ್ದಾನೆ. ಕುರುಬನ ವೇಷದ ದೇವದೂತ ಬಂದು ಇಲ್ಲೇನು ಮಾಡುತ್ತಿದ್ದೀಯ ಎಂದು ಕೇಳುತ್ತಾನೆ. ಉಪವಾಸ ಎಂದಾಗ, ಇದು ಉಪವಾಸವೇ ಅಲ್ಲ ಎಂದು ತಳ್ಳಿಹಾಕುತ್ತಾನೆ. ಆಮೇಲೆ ವಿಧಾನ ಹೇಳಿಕೊಡುತ್ತಾನೆ. ಮೊದಲು ಕೆಟ್ಟ ಮಾತು, ಕೆಟ್ಟ ಆಸೆ ಬಿಡು. ಉಪವಾಸದ ದಿನ ರೊಟ್ಟಿ, ನೀರು ಬಿಟ್ಟು ಬೇರೇನೂ ಬೇಡ. ಆ ದಿನ ತಿನ್ನಬೇಕಿದ್ದ ಅಡುಗೆಗೆ ಎಷ್ಟು ಖರ್ಚಾಗುತ್ತಿತ್ತು ಎಂದು ಲೆಕ್ಕ ಹಾಕು. ಆ ದುಡ್ಡನ್ನು ವಿಧವೆಗೋ ತಬ್ಬಲಿಗೋ ಇಲ್ಲದವರಿಗೋ ಕೊಡು. ಇದನ್ನು ಒಬ್ಬನೇ ಮಾಡದೆ ಮಕ್ಕಳು, ಮನೆಮಂದಿಯೆಲ್ಲ ಸೇರಿ ಮಾಡಿ.

ಇದಕ್ಕಿಂತ ಚೊಕ್ಕವಾದ ಕಾರ್ಯಸೂಚಿಯನ್ನು ಆಮೇಲಿನ ಯಾವ ಗ್ರಂಥವೂ ಕೊಟ್ಟಂತೆ ನನಗೆ ಕಾಣದು. ಹಸಿವು ಇಲ್ಲಿ ಗುರಿಯಲ್ಲ, ಉಳಿತಾಯದ ಸಾಧನ. ಅದೇ ಶತಮಾನದ ಅರಿಸ್ತೀದೆಸ್ ಎಂಬಾತ ಚಕ್ರವರ್ತಿಗೆ ಬರೆದ ಸಮರ್ಥನೆಯಲ್ಲೂ ಇದೇ ಮಾತಿದೆ: ಬಡವನಿಗೆ ಕೊಡಲು ಕೈಯಲ್ಲಿ ಏನೂ ಇಲ್ಲದಿದ್ದರೆ ಕ್ರೈಸ್ತರು ಎರಡು ಮೂರು ದಿನ ತಾವು ಉಪವಾಸವಿದ್ದು ಅವನ ಊಟ ಹೊಂದಿಸುತ್ತಾರೆ. ಇಪ್ಪತ್ತನೆಯ ಶತಮಾನದಲ್ಲಿ ಈ ಲೆಕ್ಕ ಮತ್ತೆ ಚಾಲ್ತಿಗೆ ಬಂತು. 1958ರಲ್ಲಿ ಜರ್ಮನಿಯ ಬಿಷಪ್ಪರು ಬೂದಿ ಬುಧವಾರದಿಂದ ಈಸ್ಟರಿನವರೆಗಿನ ತಪಸ್ಸು ಕಾಲದಲ್ಲಿ ಕಾಣಿಕೆ ಕೂಡಿಸುವ ಮಿಸೆರಿಯೋರ್ ಸಂಸ್ಥೆ ಕಟ್ಟಿದರು. 1975ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಅಲೆನ್‌ಟೌನಿನಲ್ಲಿ ಊಟದ ಮೇಜಿನ ಮೇಲೊಂದು ರಟ್ಟಿನ ಡಬ್ಬಿ ಇಟ್ಟು ಬಿಟ್ಟ ಊಟದ ಹಣ ಹಾಕುವ ‘ರೈಸ್ ಬೌಲ್’ ಶುರುವಾಯಿತು.

ಎಷ್ಟು ದಿನ, ಎಷ್ಟು ಹೊತ್ತು ಎನ್ನುವುದರಲ್ಲಿ ಏಕಮತ ಯಾವತ್ತೂ ಇರಲಿಲ್ಲ. ಎರಡನೆಯ ಶತಮಾನದ ಕೊನೆಗೆ ಲಿಯಾನಿನ ಬಿಷಪ್ ಐರೇನಿಯಸ್, ಈಸ್ಟರಿಗೆ ಮುಂಚೆ ಕೆಲವರು ಒಂದು ದಿನ, ಕೆಲವರು ಎರಡು ದಿನ, ಕೆಲವರು ನಲವತ್ತು ಗಂಟೆ ಉಪವಾಸ ಮಾಡುತ್ತಾರೆ, ಅದಕ್ಕಾಗಿ ಯಾರೂ ಯಾರನ್ನೂ ಹೊರಗೆ ಹಾಕಿಲ್ಲ ಎಂದು ರೋಮಿನ ಬಿಷಪ್ ವಿಕ್ಟರನಿಗೆ ನೆನಪಿಸುತ್ತಾನೆ. ಐದನೆಯ ಶತಮಾನದ ಇತಿಹಾಸಕಾರ ಸಾಕ್ರಟಿಸ್ ಸ್ಕೊಲಾಸ್ಟಿಕಸ್ ಕೊಡುವ ಪಟ್ಟಿ ನಮ್ಮ ಕಾಲದ್ದೇ ಎನ್ನುವಂತಿದೆ. ಒಂದೂರಲ್ಲಿ ಮೂರು ವಾರ, ಇನ್ನೊಂದರಲ್ಲಿ ಆರು. ಕೆಲವರಿಗೆ ಮೀನು ಸಲ್ಲುತ್ತದೆ, ಕೆಲವರಿಗೆ ಹಕ್ಕಿಯೂ ಸಲ್ಲುತ್ತದೆ, ಕೆಲವರಿಗೆ ಒಣ ರೊಟ್ಟಿ ಮಾತ್ರ.

ಮಧ್ಯಯುಗದ ಪಶ್ಚಿಮದಲ್ಲಿ ಇದು ಕಾನೂನಾಯಿತು. ಕಾನೂನಾದ ಮೇಲೆ ಕಳ್ಳದಾರಿಗಳೂ ಹುಟ್ಟಿದವು. ದಿನಕ್ಕೆ ಒಂದೇ ಊಟ, ಅದೂ ಸಂಜೆಯ ಪ್ರಾರ್ಥನೆ ಆದ ಮೇಲೆ ಎಂಬುದು ಹಳೆಯ ಕಟ್ಟಳೆ. ಊಟದ ಹೊತ್ತು ಮೆಲ್ಲಗೆ ಮಧ್ಯಾಹ್ನ ಮೂರಕ್ಕೆ, ಆಮೇಲೆ ನಡುಹಗಲಿಗೆ ಸರಿಯಿತು. ಕಟ್ಟಳೆ ಮುರಿಯಬಾರದಲ್ಲ, ಹಾಗಾಗಿ ಸಂಜೆಯ ಪ್ರಾರ್ಥನೆಯನ್ನೇ ಬೆಳಗ್ಗೆ ಓದಿ ಮುಗಿಸತೊಡಗಿದರು. ಬೆಣ್ಣೆಯೂ ನಿಷಿದ್ಧವಾಗಿದ್ದ ಕಾಲದಲ್ಲಿ, ಎಣ್ಣೆ ಸಿಗದ ಜರ್ಮನ್ ಸೀಮೆಯವರು ಗೋಗರೆದು 1491ರಲ್ಲಿ ಪೋಪ್ ಎಂಟನೆಯ ಇನ್ನೊಸೆಂಟರಿಂದ ಬೆಣ್ಣೆಗೆ ಅನುಮತಿ ತಂದರು. ಫ್ರಾನ್ಸಿನ ರುವಾನ್ ಕ್ಯಾಥೆಡ್ರಲ್ಲಿನ ಒಂದು ಗೋಪುರಕ್ಕೆ ಇವತ್ತಿಗೂ ಬೆಣ್ಣೆ ಗೋಪುರ ಎಂದೇ ಹೆಸರು. ಬೆಣ್ಣೆ ತಿನ್ನಲು ಜನ ಕೊಟ್ಟ ರಿಯಾಯಿತಿ ಶುಲ್ಕ ಅದರ ಕಟ್ಟಡಕ್ಕೆ ಹೋಯಿತು. ಏಕಾದಶಿಯ ಫಲಾಹಾರದಲ್ಲಿ ಸಬ್ಬಕ್ಕಿ ಉಪ್ಪಿಟ್ಟು, ಗೋಡಂಬಿ, ಖೀರು ಸಾಲುಗಟ್ಟುವುದನ್ನು ಕಂಡ ನಮಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ.

ಕಟ್ಟಳೆ ಮುರಿದು ಬಿದ್ದ ದಿನವೂ ದಾಖಲಾಗಿದೆ. 1522ರ ಮಾರ್ಚ್ 9, ತಪಸ್ಸು ಕಾಲದ ಮೊದಲ ಭಾನುವಾರ. ಜ್ಯೂರಿಕ್ ನಗರದ ಮುದ್ರಕ ಕ್ರಿಸ್ಟೋಫ್ ಫ್ರೊಷವರನ ಮನೆಯಲ್ಲಿ ಹೊಗೆಯಾಡಿಸಿದ ಸಾಸೇಜನ್ನು ಕೊಯ್ದು ಹಂಚಿ ತಿಂದರು. ಪಾದ್ರಿ ಜ್ವಿಂಗ್ಲಿ ಅಲ್ಲೇ ಇದ್ದ, ತಿನ್ನಲಿಲ್ಲ. ಆದರೆ ಎರಡು ವಾರದಲ್ಲಿ ಪ್ರವಚನ ಮಾಡಿ ತಿಂದವರ ಪರ ನಿಂತ. ಸ್ವಿಸ್ ಪ್ರೊಟೆಸ್ಟೆಂಟ್ ಸುಧಾರಣೆಯ ಕಥೆ ಶುರುವಾಗುವುದೇ ಈ ಸಾಸೇಜಿನಿಂದ. ನನಗೆ ಜ್ವಿಂಗ್ಲಿಯ ಪ್ರವಚನಕ್ಕಿಂತ ಫ್ರೊಷವರ್ ಕೊಟ್ಟ ಕಾರಣ ಹೆಚ್ಚು ಮುಖ್ಯ ಎನಿಸುತ್ತದೆ. ಫ್ರಾಂಕ್‌ಫರ್ಟ್ ಸಂತೆಯೊಳಗೆ ಪುಸ್ತಕ ಮುಗಿಸಬೇಕು, ಹಗಲೂ ರಾತ್ರಿ ಅಚ್ಚುಮೊಳೆ ಕೆಲಸ, ನನ್ನ ಆಳುಗಳಿಗೆ ಬರೀ ಗಂಜಿ ಸಾಲದು, ದಿನವೂ ಮೀನು ಕೊಳ್ಳುವ ತಾಕತ್ತಿಲ್ಲ ಎಂದನಾತ. ಮೈಮುರಿದು ದುಡಿಯುವವನ ಹೊಟ್ಟೆಯನ್ನು ಮರೆತ ಉಪವಾಸದ ನಿಯಮಕ್ಕೆ ಆಯುಷ್ಯ ಇಲ್ಲ ಎನ್ನುವುದು ಅಲ್ಲಿನ ಪಾಠ. ಜರ್ಮನಿಯ ಸುಧಾರಕ ಲೂಥರ್ ಅದಕ್ಕೂ ಎರಡು ವರ್ಷ ಮುಂಚೆಯೇ, ತಲೆ ಹೊಟ್ಟೆ ಕೆಡುವಂತಿದ್ದರೆ ಚರ್ಚು ಆಜ್ಞೆ ಮಾಡಿದ್ದರೂ ಉಪವಾಸ ಬಿಡು ಎಂದು ಬರೆದಿದ್ದ. ಹಾಗೆಂದು ಸುಧಾರಕರು ಉಪವಾಸವನ್ನೇ ಬೇಡ ಎನ್ನಲಿಲ್ಲ. ಕ್ಯಾಲ್ವಿನ್ ಅದಕ್ಕೆ ಪುಟಗಟ್ಟಲೆ ಜಾಗ ಕೊಟ್ಟಿದ್ದಾನೆ, ಹದಿನೆಂಟನೆಯ ಶತಮಾನದ ಜಾನ್ ವೆಸ್ಲಿ ಶುಕ್ರವಾರದ ಉಪವಾಸವನ್ನು ಮೆಥಡಿಸ್ಟ್ ಬೋಧಕರಿಂದ ನಿರೀಕ್ಷಿಸಿದ. ದಿನ ಗೊತ್ತುಮಾಡುವವರು ಇಲ್ಲದೆ ಹೋದಮೇಲೆ ಹೆಚ್ಚಿನ ಪ್ರೊಟೆಸ್ಟೆಂಟ್ ಮನೆಗಳಲ್ಲಿ ಉಪವಾಸ ತಾನಾಗಿ ಕಳಚಿಕೊಂಡಿತು. ಮನಸ್ಸಿಗೆ ಬಿಟ್ಟದ್ದನ್ನು ಮನಸ್ಸು ಬಿಟ್ಟುಬಿಡುತ್ತದೆ.

ಕಥೋಲಿಕರ ಈಗಿನ ನಿಯಮ ಬಂದದ್ದು 1966ರ ಫೆಬ್ರವರಿಯಲ್ಲಿ, ಪೋಪ್ ಆರನೆಯ ಪೌಲರ ಆದೇಶದಿಂದ. 1983ರ ಧರ್ಮಸಭೆಯ ಕಾನೂನು ಸಂಹಿತೆ ಬಹುಮಟ್ಟಿಗೆ ಅದನ್ನೇ ಉಳಿಸಿಕೊಂಡಿದೆ. ವರ್ಷಕ್ಕೆ ಕಡ್ಡಾಯ ಉಪವಾಸ ಎರಡೇ ದಿನ: ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. ಆ ದಿನ ಒಂದು ಹೊತ್ತು ಪೂರ್ತಿ ಊಟ. ಬೆಳಗ್ಗೆ ಮತ್ತು ಸಂಜೆ ಸ್ವಲ್ಪ ಏನಾದರೂ ತಿನ್ನಬಹುದು. ಇದು 18 ತುಂಬಿದವರಿಗೆ, 59 ತುಂಬುವವರೆಗೆ. ಮಾಂಸ ಬಿಡುವ ನಿಯಮ 14 ತುಂಬಿದವರಿಗೆಲ್ಲ. ಅದು ಆ ಎರಡು ದಿನಗಳಿಗಲ್ಲದೆ ಶುಕ್ರವಾರಗಳಿಗೂ ಉಂಟು, ಆದರೆ ಆಯಾ ದೇಶದ ಬಿಷಪ್ಪರ ಮಂಡಳಿ ಅದರ ಬದಲಿಗೆ ಬೇರೆ ತ್ಯಾಗ, ದಾನಧರ್ಮ ಗೊತ್ತುಮಾಡಬಹುದು. ಪರಮ ಪ್ರಸಾದ ಸ್ವೀಕರಿಸುವ ಮುಂಚಿನ ಉಪವಾಸ ಬೇರೆ. ಹಿಂದೆ ನಡುರಾತ್ರಿಯಿಂದ ತೊಟ್ಟು ನೀರೂ ಕೂಡದು ಎಂದಿದ್ದದ್ದು 1953ರಲ್ಲಿ ನೀರಿಗೆ ವಿನಾಯಿತಿ ಪಡೆದು, 1957ರಲ್ಲಿ ಮೂರು ಗಂಟೆಗೆ ಇಳಿದು, 1964ರಲ್ಲಿ ಒಂದು ಗಂಟೆಗೆ ಬಂದು ನಿಂತಿದೆ. ನೀರು, ಔಷಧ ಅಡ್ಡಿಯಲ್ಲ. ವಯಸ್ಸಾದವರಿಗೆ, ಕಾಯಿಲೆಯವರಿಗೆ, ಅವರ ಆರೈಕೆಗೆ ನಿಂತವರಿಗೆ ಆ ಒಂದು ಗಂಟೆಯೂ ಇಲ್ಲ.

ಇಷ್ಟು ಸಡಿಲವಾದ ನಿಯಮವನ್ನು ಹಳಬರು ಹಾಸ್ಯ ಮಾಡುವುದುಂಟು. ನನಗೆ ಅದರ ಸಡಿಲ ಹಿಡಿಸುತ್ತದೆ. ಅದು ಬಸ್ ಡ್ರೈವರಿಗೂ ನರ್ಸಿಗೂ ಸಾಧ್ಯವಾಗುವಂಥದ್ದು. ನನಗೆ ಹಿಡಿಸದ್ದು ಮಾಂಸದ ಸುತ್ತಲೇ ಗಿರಕಿ ಹೊಡೆಯುವ ನಮ್ಮ ಅಭ್ಯಾಸ. ಮೀನು ಮಾಂಸವಲ್ಲ ಎಂಬ ನಿಯಮ ಹುಟ್ಟಿದ್ದು ಮಾಂಸವೇ ದೊಡ್ಡ ಊಟವಾಗಿದ್ದ ಸೀಮೆಗಳಲ್ಲಿ. ಬಂಗುಡೆ ಸಾರು ದಿನದ ಮಾತಾದ ಮಂಗಳೂರು, ಉಡುಪಿ, ಕಾರವಾರದಲ್ಲಿ ಶುಕ್ರವಾರ ಕೋಳಿ ಬಿಟ್ಟು ಅದಕ್ಕಿಂತ ದುಬಾರಿಯ ಅಂಜಲ್ ಹುರಿದು ತಿಂದರೆ ಕಾನೂನು ಒಪ್ಪುತ್ತದೆ, ಹೆರ್ಮಾಸನ ಲೆಕ್ಕ ಒಪ್ಪುವುದಿಲ್ಲ. ಕರಾವಳಿಯ ಮನೆಗಳಲ್ಲಿ ತಪಸ್ಸು ಕಾಲದ ಶುಕ್ರವಾರ ಕುಚ್ಚಲಕ್ಕಿ ಗಂಜಿ, ಚಟ್ನಿಗೆ ಇಳಿಯುವವರು ನಿಯಮ ಹೇಳಿದ್ದಕ್ಕಿಂತ ನಿಯಮದ ಉದ್ದೇಶವನ್ನು ಹೆಚ್ಚು ಬಲ್ಲವರು. ಭಾನುವಾರ ಮಾತ್ರ ಮಾಂಸ ಬೇಯುವ ಬಯಲುಸೀಮೆಯ ಕೂಲಿಯವರ ಮನೆಗೆ ಶುಕ್ರವಾರದ ಮಾಂಸವರ್ಜನೆ ಅರ್ಥವಿಲ್ಲದ ಮಾತು. ಅಂಥಲ್ಲಿ ಬಿಡಬೇಕಾದ್ದು ಬೇರೆ ಇರುತ್ತದೆ: ಸಂಜೆಯ ಎಣ್ಣೆ ತಿಂಡಿ, ಬೀಡಿ, ಸಾರಾಯಿ. ಇನ್ನು ಮೊಬೈಲ್ ಉಪವಾಸ, ಧಾರಾವಾಹಿ ಉಪವಾಸ ಎಂಬ ಹೊಸ ರೂಢಿ ಒಳ್ಳೆಯದೇ, ಆದರೆ ಅದು ಊಟಕ್ಕೆ ಬದಲಿಯಾದರೆ ಉಳಿತಾಯದ ಡಬ್ಬಿಗೆ ಬೀಳುವುದು ಏನೂ ಇಲ್ಲ.

ಪೂರ್ವದ ಚರ್ಚುಗಳ ದಾರಿ ಇನ್ನೊಂದು. ಅವರಲ್ಲಿ ಸಾಮಾನ್ಯವಾಗಿ ಪ್ರಾಣಿಮೂಲದ ಆಹಾರ ನೋಂಪಿಗೆ ಸಲ್ಲದು. ಇಥಿಯೋಪಿಯದ ತೆವಾಹೆದೋ ಚರ್ಚಿನ ಲೆಕ್ಕದಲ್ಲಿ ಸಾಮಾನ್ಯ ಭಕ್ತರಿಗೇ ವರ್ಷಕ್ಕೆ ಸುಮಾರು 180 ದಿನ ಹೀಗೆ. ಕೇರಳದ ಸಿರಿಯನ್ ಕ್ರೈಸ್ತರಿಗೆ ಐವತ್ತು ದಿನದ ದೊಡ್ಡ ನೋಂಬು, ಡಿಸೆಂಬರಿನ ಇಪ್ಪತ್ತೈದು ದಿನ, ನಿನೆವೆಯ ನೆನಪಿನ ಮೂರು ದಿನ, ಮರಿಯಮ್ಮನ ಹೆಸರಿನ ಎಂಟು ದಿನ. ಬೆಳ್ತಂಗಡಿ, ನರಸಿಂಹರಾಜಪುರದ ಕಡೆ ನೆಲೆಸಿದ ಮಲಯಾಳಿಗಳ ಜೊತೆ ಈ ಪಂಚಾಂಗ ಕರ್ನಾಟಕಕ್ಕೂ ಬಂದಿದೆ. ಬ್ರಹ್ಮಾವರದ್ದು ಬೇರೆಯೇ ಕಥೆ. ಗೋವೆಯ ಕಥೋಲಿಕ ಪಾದ್ರಿಯಾಗಿದ್ದ ಆಲ್ವಾರಿಸ್ 1889ರಲ್ಲಿ ಮಾರ್ ಜೂಲಿಯಸ್ ಎಂಬ ಹೆಸರಿನಲ್ಲಿ ಆರ್ಥೊಡಾಕ್ಸ್ ಬಿಷಪ್ಪರಾದಾಗ ಅವರ ಹಿಂದೆ ಹೋದ ಕೊಂಕಣಿ ಕುಟುಂಬಗಳು ಅಲ್ಲಿಯವು. ಮಾತು ಕೊಂಕಣಿಯೇ ಉಳಿಯಿತು, ಪಂಚಾಂಗ ಸಿರಿಯದ್ದಾಯಿತು.

ಉದ್ದ ಪಟ್ಟಿ ನೋಡಿ ಇವರು ಕಠೋರರು ಎಂದುಕೊಂಡರೆ ತಪ್ಪು. ಈ ಪದ್ಧತಿಯಲ್ಲಿ ಮೂರು ಜಾಣತನಗಳಿವೆ. ಒಂದು, ಉಪವಾಸ ಒಬ್ಬನ ಹೊಟ್ಟೆಯದ್ದಲ್ಲ, ಇಡೀ ಅಡುಗೆಮನೆಯದ್ದು. ಮನೆಯಲ್ಲಿ ಬೇಯುವುದೇ ಒಂದು ಬಗೆ, ಹಾಗಾಗಿ ನಾನು ಮಾಡುತ್ತಿದ್ದೇನೆ ಎಂದು ಜಂಬ ಪಡಲು ಜಾಗವಿಲ್ಲ. ಎರಡು, ಈಸ್ಟರಿನ ನಂತರ ಬುಧವಾರ ಶುಕ್ರವಾರದ ಉಪವಾಸವೂ ರದ್ದಾಗುವಂತೆ, ತಿನ್ನುವ ಕಾಲವನ್ನೂ ಅಷ್ಟೇ ಗಟ್ಟಿಯಾಗಿ ಗೊತ್ತುಮಾಡಿದ್ದಾರೆ. ಪಶ್ಚಿಮದ ನಲವತ್ತು ದಿನದ ಎಣಿಕೆಯಲ್ಲೂ ಭಾನುವಾರಗಳನ್ನು ಸೇರಿಸುವುದಿಲ್ಲ. ಬೂದಿ ಬುಧವಾರದಿಂದ ಈಸ್ಟರಿನ ಹಿಂದಿನ ದಿನದವರೆಗೆ ಒಟ್ಟು 46, ಆರು ಭಾನುವಾರ ಕಳೆದರೆ 40. ಮೂರು, ಯಾರಿಗೆ ಎಷ್ಟು ಎಂದು ಕೊನೆಗೆ ನಿಗದಿ ಮಾಡುವವರು ಪಾಪನಿವೇದನೆ ಕೇಳುವ ಗುರುಗಳು. ಬಾಣಂತಿಗೆ, ರೋಗಿಗೆ, ಪ್ರಯಾಣಿಕನಿಗೆ ಅವರು ಕಡಿಮೆ ಮಾಡುತ್ತಾರೆ. ಈ ಪದ್ಧತಿಯ ದೌರ್ಬಲ್ಯವೂ ಗೊತ್ತಿರಲಿ. ಹಾಲು ಬೆಣ್ಣೆ ಬಿಟ್ಟು ಗೋಡಂಬಿ, ಅಣಬೆ, ಬಾದಾಮಿ ಹಾಲಿಗೆ ಹಾರಿದರೆ ನೋಂಪಿಯ ತಿಂಗಳ ಸಾಮಾನಿನ ಬಿಲ್ಲು ಮಾಮೂಲಿಗಿಂತ ಜಾಸ್ತಿ ಬರುತ್ತದೆ.

ಪೆಂತೆಕೋಸ್ತ್ ಮತ್ತು ಸ್ವತಂತ್ರ ಸಭೆಗಳಲ್ಲಿ ಉಪವಾಸ ಪ್ರಾರ್ಥನೆ ಎರಡೂ ಸೇರಿ ಒಂದೇ ಪದ. ಇದು ಅವರ ದೊಡ್ಡ ಗುಣ. ಬೇರೆ ಕಡೆ ಊಟ ಬಿಟ್ಟವನು ಆ ಹೊತ್ತಿನಲ್ಲಿ ಏನು ಮಾಡುತ್ತಾನೆ ಎಂದು ಯಾರೂ ಕೇಳುವುದಿಲ್ಲ; ಇಲ್ಲಿ ಆ ಹೊತ್ತು ಹಾಡು, ವಾಕ್ಯ, ಮೊಣಕಾಲಿನ ಪ್ರಾರ್ಥನೆಗೆ ಮೀಸಲು. ಹೊಸ ವರ್ಷದಲ್ಲಿ ಹಿಡಿಯುವ 21 ದಿನದ ‘ದಾನಿಯೇಲನ ಉಪವಾಸ’ವೂ ಕೆಟ್ಟದ್ದಲ್ಲ: ಕಾಳು, ತರಕಾರಿ, ಹಣ್ಣು, ನೀರು. ತೊಂದರೆ ಇರುವುದು ಮಿತಿ ಹೇಳುವವರು ಇಲ್ಲದಿರುವುದರಲ್ಲಿ. ಮೂರು ದಿನ ಮಾಡಿದವನು ಏಳಕ್ಕೆ, ಏಳು ಮಾಡಿದವನು ಇಪ್ಪತ್ತೊಂದಕ್ಕೆ ಏರುತ್ತಾನೆ. ಸಾಕ್ಷಿ ಹೇಳುವಾಗ ದಿನಗಳ ಸಂಖ್ಯೆಯೇ ತೂಕವಾಗುತ್ತದೆ. ಮಗಳ ಮದುವೆ, ಮಗನ ವೀಸಾ, ಬಿಡಿಸಲಾಗದ ಸಾಲ ಎಲ್ಲಕ್ಕೂ ಇಷ್ಟು ದಿನ ಎಂದು ದೇವರ ಜೊತೆ ಚೌಕಾಶಿ ನಡೆಯುತ್ತದೆ. ಇನ್ನೂ ಕೆಟ್ಟದ್ದು, ಗುಳಿಗೆ ನುಂಗುವುದು ಅವಿಶ್ವಾಸ ಎನ್ನುವ ಬೋಧನೆ. ಈ ದಾರಿಯ ಕೊನೆ ಎಲ್ಲಿಗೆ ಮುಟ್ಟಬಹುದು ಎಂದು 2023ರಲ್ಲಿ ಜಗತ್ತು ನೋಡಿತು. ಕೆನ್ಯಾದ ಶಕಹೋಲ ಕಾಡಿನಲ್ಲಿ, ಯೇಸುವನ್ನು ಕಾಣಲು ಹಸಿದು ಸಾಯಿರಿ ಎಂದು ಬೋಧಿಸಿದ ಆರೋಪ ಹೊತ್ತ ಒಬ್ಬ ಬೋಧಕನ ಹಿಂಬಾಲಕರ 400ಕ್ಕೂ ಹೆಚ್ಚು ಶವಗಳನ್ನು ಅಗೆದು ತೆಗೆದರು. ಅದರಲ್ಲಿ ಮಕ್ಕಳೂ ಇದ್ದರು. ನಮ್ಮ ಸಭೆಗಳು ಹಾಗಲ್ಲ, ನಿಜ. ಆದರೆ ಯಾರೇ ಆಗಲಿ ಔಷಧ ಬಿಡಿ, ನೀರು ಬಿಡಿ, ಮನೆಯವರಿಗೆ ಹೇಳಬೇಡಿ ಎಂದ ಗಳಿಗೆಯಲ್ಲೇ ಎದ್ದು ಬರಬೇಕು ಎನ್ನುವುದರಲ್ಲಿ ಎರಡು ಮಾತಿಲ್ಲ.

ಅತಿರೇಕ ಹೊಸ ಸಭೆಗಳ ಸೊತ್ತೇನಲ್ಲ. ಸಿಯೆನಾದ ಸಂತ ಕ್ಯಾಥರೀನ್ ಊಟ ಬಿಡುತ್ತಾ ಬಿಡುತ್ತಾ, ತಿನ್ನಿ ಎಂದು ಹಿರಿಯರು ಒತ್ತಾಯಿಸಿದರೂ ತಿನ್ನಲಾಗದ ಸ್ಥಿತಿಗೆ ಬಂದು 1380ರಲ್ಲಿ 33ರ ಹರೆಯದಲ್ಲಿ ತೀರಿಕೊಂಡಳು. ಯೇಸುಸಭೆ ಕಟ್ಟಿದ ಇಗ್ನೇಷಿಯಸ್ ಲೊಯೊಲಾ 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿ ಮಾಡಿದ ಕಠೋರ ಉಪವಾಸದಿಂದ ಕೆಟ್ಟ ಹೊಟ್ಟೆಯನ್ನು ಜೀವನವಿಡೀ ಹೊತ್ತು ತಿರುಗಿದರು. ಆಮೇಲೆ ತಮ್ಮ ಶಿಷ್ಯರಿಗೆ ಊಟದ ಮಿತಿಯ ಬಗ್ಗೆ ಬರೆದ ಸೂಚನೆಗಳಲ್ಲಿ ಸಮತೂಕ ಹೆಚ್ಚು. ಈಜಿಪ್ತಿನ ಮರಳುಗಾಡಿನ ಹಿರಿಯರಲ್ಲಿ ಅನುಭವಸ್ಥರು, ಎರಡು ಮೂರು ದಿನಕ್ಕೊಮ್ಮೆ ಉಣ್ಣುವುದಕ್ಕಿಂತ ದಿನವೂ ಹೊಟ್ಟೆ ತುಂಬುವ ಮುಂಚೆ ಏಳುವುದು ಮೇಲು ಎಂದೇ ಹೇಳಿಕೊಟ್ಟರು.

ಈಗ ದೇಹದ ಮಾತು. ಆರೋಗ್ಯವಂತರಿಗೆ ಒಂದು ಹೊತ್ತು, ಒಂದು ದಿನದ ಉಪವಾಸ ಅಪಾಯವಲ್ಲ; ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ಸುಮಾರು ಒಂದು ದಿನಕ್ಕೆ ಬರುತ್ತದೆ, ಆಮೇಲೆ ದೇಹ ಕೊಬ್ಬಿನ ಕಡೆ ತಿರುಗುತ್ತದೆ. ನೀರು ಮಾತ್ರ ಬಿಡಬಾರದು, ಅದರಲ್ಲೂ ತಪಸ್ಸು ಕಾಲ ಬರುವುದೇ ನಮ್ಮ ಬೇಸಿಗೆಯಲ್ಲಿ. ಮೊದಲ ದಿನದ ತಲೆನೋವಿಗೆ ಹೆಚ್ಚಿನ ಸಲ ಕಾರಣ ಹಸಿವಲ್ಲ, ಕಾಫಿ. ನಿಲ್ಲಿಸಿದ 12ರಿಂದ 24 ಗಂಟೆಯೊಳಗೆ ಅದು ಹಿಡಿಯುತ್ತದೆ. ದಿನಕ್ಕೆ ನಾಲ್ಕು ಲೋಟ ಕುಡಿಯುವವರು ಒಂದು ವಾರ ಮುಂಚಿನಿಂದ ಇಳಿಸುತ್ತಾ ಬರಬೇಕು, ಇಲ್ಲವೆ ಬೆಳಗಿನ ಒಂದು ಲೋಟ ಕಾಫಿಯನ್ನು ನಾಚಿಕೆಯಿಲ್ಲದೆ ಕುಡಿಯಬೇಕು. ಉಪವಾಸ ಮುರಿಯಲು ಗಂಜಿಗಿಂತ ಒಳ್ಳೆಯದು ಇಲ್ಲ. ಶುಭ ಶುಕ್ರವಾರ ಸಂಜೆ ಹಸಿದ ಹೊಟ್ಟೆಗೆ ಬಜ್ಜಿ, ಪರೋಟ ತುಂಬಿ ರಾತ್ರಿಯಿಡೀ ಹೊಟ್ಟೆ ಹಿಡಿದುಕೊಳ್ಳುವುದಕ್ಕೆ ಪಶ್ಚಾತ್ತಾಪ ಎನ್ನುವುದಿಲ್ಲ.

ಸಕ್ಕರೆ ಕಾಯಿಲೆಯವರ ಲೆಕ್ಕ ಬೇರೆ. ಇನ್ಸುಲಿನ್ ತೆಗೆದುಕೊಳ್ಳುವವರು, ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್ ಗುಳಿಗೆ ನುಂಗುವವರು ಊಟ ಬಿಟ್ಟು ಔಷಧ ಮಾತ್ರ ತೆಗೆದುಕೊಂಡರೆ ಸಕ್ಕರೆ ದಿಢೀರ್ ಕುಸಿದು ಪ್ರಜ್ಞೆ ತಪ್ಪಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಬಗೆಯ ಗುಳಿಗೆಗಳಲ್ಲಿ ನಿರ್ಜಲೀಕರಣ ಮತ್ತು ರಕ್ತ ಆಮ್ಲೀಯವಾಗುವ ಅಪಾಯ ಇದೆ. ಬೂದಿ ಬುಧವಾರಕ್ಕೆ ಒಂದೆರಡು ವಾರ ಮೊದಲೇ ವೈದ್ಯರ ಬಳಿ ಹೋಗಿ ಆ ದಿನದ ಔಷಧದ ಪ್ರಮಾಣ, ಹೊತ್ತು ಕೇಳಿಕೊಳ್ಳಬೇಕು, ತಾವಾಗಿ ನಿಲ್ಲಿಸಬಾರದು. ಉಪವಾಸದಲ್ಲಿ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಅಥವಾ ಬೆವರು, ನಡುಕ, ಕಣ್ಣು ಕತ್ತಲೆ ಬಂದರೆ ಕೂಡಲೇ ಸಕ್ಕರೆ ನೀರು ಕುಡಿಯಬೇಕು, ಪ್ರಾರ್ಥನೆ ಮುಗಿಯಲಿ ಎಂದು ಕಾಯಬಾರದು. ಬಸುರಿಯರು, ಹಾಲುಣಿಸುವ ತಾಯಂದಿರು, ಮೂತ್ರಪಿಂಡದ ತೊಂದರೆ ಇರುವವರು, ಬೆಳೆಯುವ ಮಕ್ಕಳು ಊಟ ಬಿಡುವ ಮಾತೇ ಬೇಡ. ತೂಕದ ಚಿಂತೆ ತಲೆಗೆ ಹತ್ತಿ ಊಟವನ್ನೇ ದ್ವೇಷಿಸುವ ಕಾಯಿಲೆ ಹದಿಹರೆಯದಲ್ಲಿ ಬಂದುಹೋದವರಿಗೂ ಇದು ಸಲ್ಲದು. ಅಂಥವರಿಗೆ ಹೊತ್ತು ಹೊತ್ತಿಗೆ ಉಣ್ಣುವುದೇ ತಪಸ್ಸು. ಐದು ದಿನಕ್ಕಿಂತ ಹೆಚ್ಚು ಏನೂ ತಿನ್ನದೆ ಇದ್ದವರು ಒಮ್ಮೆಲೇ ಹೊಟ್ಟೆ ತುಂಬ ಉಂಡರೆ ರಕ್ತದ ರಂಜಕ, ಪೊಟ್ಯಾಶಿಯಂ ಕುಸಿದು ಹೃದಯಕ್ಕೇ ಕುತ್ತು ಬರಬಹುದು. ಎರಡನೆಯ ಮಹಾಯುದ್ಧದಲ್ಲಿ ಬಿಡುಗಡೆಯಾದ ಕೈದಿಗಳಲ್ಲಿ ವೈದ್ಯರು ಇದನ್ನು ಕಂಡರು. ಅಷ್ಟು ಉದ್ದದ ಉಪವಾಸಕ್ಕೆ ಮನೆಯಲ್ಲಿ ಜಾಗವಿಲ್ಲ.

ಇನ್ನು ಯಾರೂ ಬರೆಯದ ಒಂದು ಸಂಗತಿ. ಗಂಡ ಉಪವಾಸ, ಮಕ್ಕಳಿಗೆ ಮಾಮೂಲಿ ಊಟ, ಅತ್ತೆಗೆ ಪಥ್ಯ, ಸಂಜೆ ಗಂಡನಿಗೆ ಬೇರೆ ಫಲಾಹಾರ ಎಂದಾದರೆ ಆ ಮನೆಯಲ್ಲಿ ಉಪವಾಸ ಮಾಡಿದವನು ಗಂಡ, ಅದರ ಭಾರ ಹೊತ್ತವಳು ಹೆಂಡತಿ. ಊಟ ಬಿಟ್ಟವರೇ ಆ ಹೊತ್ತಿನ ಪಾತ್ರೆ ತೊಳೆಯುವುದು, ಮನೆಗೆಲ್ಲ ಒಂದೇ ಗಂಜಿ ಬೇಯಿಸುವುದು ಇದಕ್ಕೆ ಸುಲಭ ಪರಿಹಾರ. ಆಫೀಸಿನಲ್ಲಿ, ಹಾಸ್ಟೆಲಿನಲ್ಲಿ ಯಾರಾದರೂ ಪ್ರೀತಿಯಿಂದ ತಟ್ಟೆ ಮುಂದಿಟ್ಟಾಗ ಏನು ಮಾಡಬೇಕು ಎಂಬ ಪ್ರಶ್ನೆಗೆ ಐದನೆಯ ಶತಮಾನದ ಸನ್ಯಾಸಿ ಜಾನ್ ಕಾಸಿಯನ್ ದಾಖಲಿಸಿದ ಪ್ರಸಂಗ ಸಾಕು. ಈಜಿಪ್ತಿನಲ್ಲಿ ತಮ್ಮನ್ನು ಬರಮಾಡಿಕೊಂಡ ಹಿರಿಯರು ಉಪವಾಸದ ದಿನವೂ ಅತಿಥಿಗಳ ಜೊತೆ ಉಂಡದ್ದನ್ನು ಕಂಡು ಆತ ಕಾರಣ ಕೇಳುತ್ತಾನೆ. ಉಪವಾಸ ಹೇಗೂ ನನ್ನ ಬಳಿ ಇರುವಂಥದ್ದು, ನಿಮ್ಮನ್ನು ನಾನು ಇಟ್ಟುಕೊಳ್ಳಲಾರೆ, ಕಳಿಸಿಕೊಡಬೇಕು ಎಂಬರ್ಥದ ಉತ್ತರ ಬರುತ್ತದೆ. ಬಂದವರಿಗೆ ಉಣ್ಣಲಿಕ್ಕಿ, ಉಪವಾಸವನ್ನು ನಾಳೆಗೆ ಸರಿಸಿದರಾಯಿತು.

ಶುಭ ಶುಕ್ರವಾರದ ದಿನ ನಮ್ಮ ಚರ್ಚುಗಳಲ್ಲಿ ಸುಸ್ತಾಗಿ ಕುಸಿಯುವವರು ಹೆಚ್ಚಾಗಿ ಎಪ್ಪತ್ತು ದಾಟಿದ ಅಜ್ಜಿಯರು. ಕಾನೂನಿನಂತೆ ಅವರು ಉಪವಾಸ ಮಾಡಬೇಕಾದ್ದೇ ಇಲ್ಲ. ಆದರೆ ಹಾಗೆಂದು ಅವರಿಗೆ ಯಾರೂ ಹೇಳಿಲ್ಲ. ಹೇಳಿದರೂ ಮಗ ಸೊಸೆಯರ ಮಾತು ಅವರು ಕೇಳುವವರಲ್ಲ, ಗುರುಗಳ ಮಾತು ಕೇಳುತ್ತಾರೆ. ಬೂದಿ ಬುಧವಾರದ ಹಿಂದಿನ ಭಾನುವಾರ, ಬಲಿಪೂಜೆಯ ಕೊನೆಗೆ ಶಿಲುಬೆಯ ಹಾದಿಯ ಸಮಯ, ಧ್ಯಾನಕೂಟದ ಸಮಯ ಓದುತ್ತಾರಲ್ಲ, ಅದರ ಜೊತೆಗೆ ಇನ್ನು ಎರಡು ಸಾಲು ಓದಲಿ: 59 ತುಂಬಿದವರಿಗೆ, ರೋಗಿಗಳಿಗೆ, ಬಸುರಿ ಬಾಣಂತಿಯರಿಗೆ ಉಪವಾಸ ಇಲ್ಲ, ಬೆಳಗಿನ ಗುಳಿಗೆಯನ್ನು ತಿಂಡಿಯ ಜೊತೆಗೇ ತೆಗೆದುಕೊಂಡು ಬನ್ನಿ. ಸಿ.ಎಸ್.ಐ. ಸಭೆಯ ಅಯ್ಯನವರೂ ಪೆಂತೆಕೋಸ್ತ್ ಪಾಸ್ಟರರೂ ಇದನ್ನೇ ತಮ್ಮ ಮಾತಿನಲ್ಲಿ ಹೇಳಬಹುದು.